ಮುಖದ ಮೂಳೆ ಮುರಿದ ಮೇಲೆ ಕಣ್ಣು ಸೋರುತ್ತಿದ್ದರೆ: ಕಾಯುವುದೇ, ಹೊರಗಿನಿಂದ ಆಪರೇಷನ್ನೇ, ಮೂಗಿನೊಳಗಿಂದಲೇ?

ಬೈಕ್ ಅಪಘಾತದಲ್ಲಿ ಮೂಗಿನ ಬುಡ, ಕೆನ್ನೆಯ ಮೂಳೆ ಮುರಿದಿರುತ್ತದೆ. ಪ್ಲೇಟ್ ಹಾಕಿಸಿಕೊಂಡು ಮನೆಗೆ ಬಂದಿರುತ್ತಾರೆ. ಗಾಯ ಮಾಗುತ್ತದೆ, ಅಗಿಯುವುದಕ್ಕೆ ಆಗುತ್ತದೆ, ಕೆಲಸಕ್ಕೂ ಹೋಗಲು ಶುರು ಮಾಡುತ್ತಾರೆ. ಆದರೆ ಒಂದು ಕಣ್ಣು ಮಾತ್ರ ಸೋರುತ್ತಲೇ ಇರುತ್ತದೆ. ಕಣ್ಣಿನ ಡಾಕ್ಟರು "ಹೊರಗಿನಿಂದ ಡಿಸಿಆರ್ ಮಾಡೋಣ" ಅಂತಾರೆ (ಡಿಸಿಆರ್ ಅಂದರೆ ಕಣ್ಣೀರು ಮೂಗಿಗೆ ಇಳಿಯಲು ಹೊಸ ದಾರಿ ಮಾಡುವ ಆಪರೇಷನ್). ಇಎನ್‌ಟಿ ಡಾಕ್ಟರು "ಮೂಗಿನೊಳಗಿಂದಲೇ ಆಗುತ್ತೆ, ಕಲೆ ಬೀಳಲ್ಲ" ಅಂತಾರೆ. ಪ್ಲೇಟ್ ಹಾಕಿದವರು "ಇನ್ನೊಂದಷ್ಟು ದಿನ ನೋಡಿ" ಅಂತಾರೆ. ಮೂವರೂ ತಿಳಿದವರೇ. ಹಾಗಾದರೆ ಯಾರ ಮಾತು ಕೇಳುವುದು?

ಈ ಪ್ರಶ್ನೆ ಇಟ್ಟುಕೊಂಡು ಒದ್ದಾಡುವವರು ತುಂಬಾ ಜನ ಇದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗಿನಿಂದಲೋ ಒಳಗಿನಿಂದಲೋ ಅನ್ನುವುದು ಆಮೇಲಿನ ಮಾತು. ಕಣ್ಣೀರಿನ ದಾರಿ ಎಲ್ಲಿ ಕಟ್ಟಿಕೊಂಡಿದೆ ಅನ್ನುವುದು ಗೊತ್ತಾಗುವ ತನಕ ಯಾವ ಆಪರೇಷನ್ನಿಗೂ ಒಪ್ಪಿಕೊಳ್ಳಬೇಡಿ. ಅದು ಗೊತ್ತಾದರೆ ಅರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ.

ಕಣ್ಣೀರು ಹೋಗುವ ದಾರಿ

ರೆಪ್ಪೆಗಳ ಅಂಚಿನಲ್ಲಿ, ಮೂಗಿನ ಕಡೆಗೆ, ಮೇಲೊಂದು ಕೆಳಗೊಂದು ಸೂಜಿಮೊನೆಯಷ್ಟು ತೂತು ಇರುತ್ತದೆ. ಕನ್ನಡಿ ಮುಂದೆ ಕೆಳರೆಪ್ಪೆಯನ್ನು ಸ್ವಲ್ಪ ಎಳೆದರೆ ನಿಮಗೇ ಕಾಣುತ್ತದೆ. ಅಲ್ಲಿಂದ ಸುಮಾರು 10 ಮಿ.ಮೀ. ಉದ್ದದ ಸಣ್ಣ ನಾಳಗಳು ಹೊರಟು ಕಣ್ಣೀರಿನ ಚೀಲಕ್ಕೆ ಸೇರುತ್ತವೆ. ಚೀಲ ಕೂತಿರುವುದು ಕಣ್ಣಿನ ಮೂಲೆಗೂ ಮೂಗಿಗೂ ನಡುವೆ, ಮೂಳೆಯ ಒಂದು ಗುಂಡಿಯಲ್ಲಿ. ಚೀಲದ ಕೆಳಗೆ ಮೂಳೆಯೊಳಗೇ ಇಳಿಯುವ ಕೊಳವೆ ಇದೆ. ಅದು ಮೂಗಿನೊಳಗೆ ತೆರೆದುಕೊಳ್ಳುತ್ತದೆ. ಅತ್ತಾಗ ಮೂಗೂ ಸೋರುತ್ತದಲ್ವಾ, ಅದು ಇದಕ್ಕೇ.

ಈ ಗುಂಡಿಯ ಹಿಂಭಾಗದ ಮೂಳೆ ತೀರಾ ತೆಳು, ಒಂದು ಮಿ.ಮೀ.ನ ಹತ್ತನೇ ಒಂದು ಭಾಗದಷ್ಟು. ಹಾಗಾಗಿ ಮೂಗಿನ ಬುಡಕ್ಕೆ ಜೋರು ಪೆಟ್ಟು ಬಿದ್ದಾಗ ಅದು ಪುಡಿಯಾಗುವುದು ಸುಲಭ. ಡಿಸ್ಚಾರ್ಜ್ ಪೇಪರಿನಲ್ಲಿ 'ಎನ್‌ಒಇ ಫ್ರಾಕ್ಚರ್' ಅಂತಲೋ 'ಲೆಫೋರ್ಟ್ 2', 'ಲೆಫೋರ್ಟ್ 3' ಅಂತಲೋ ಬರೆದಿದ್ದರೆ ಮುರಿತ ಈ ದಾರಿಯ ಅಕ್ಕಪಕ್ಕವೇ ಹಾದುಹೋಗಿದೆ ಎಂದರ್ಥ. ಎನ್‌ಒಇ ಎಂದರೆ ಮೂಗು, ಕಣ್ಣಿನ ಗೂಡು, ಅವೆರಡರ ನಡುವಿನ ಮೂಳೆಗಳು ಒಟ್ಟಿಗೆ ಮುರಿದದ್ದು. ಕಣ್ಣೀರಿನ ದಾರಿಗೆ ಜಾಸ್ತಿ ಅಪಾಯ ಇದರಲ್ಲೇ. ಲೆಫೋರ್ಟ್ ಎಂದರೆ ಮುಖದ ನಡುಭಾಗದ ಮೂಳೆಗಳು ಮುರಿಯುವ ಮೂರು ಬಗೆ. ಲೆಫೋರ್ಟ್ 1 ಮೇಲಿನ ದವಡೆಯ ಕೆಳಭಾಗದ ಮುರಿತ. ಅದರಲ್ಲಿ ಈ ತೊಂದರೆ ಅಪರೂಪ.

ಆಯ್ಕೆಗೆ ಮುಂಚೆ ನೋಡಬೇಕಾದದ್ದು

ಮೊದಲನೆಯದು ತಡೆ ಇರುವ ಜಾಗ: ರೆಪ್ಪೆಯ ಸಣ್ಣ ನಾಳದಲ್ಲೋ, ಚೀಲ ಮತ್ತು ಅದರ ಕೆಳಗೋ. ಎರಡನೆಯದು ಪೆಟ್ಟು ಬಿದ್ದು ಎಷ್ಟು ದಿನವಾಯಿತು ಅನ್ನುವುದು. ಮೂರನೆಯದು ಕೀವು. ಬರೀ ನೀರು ಸೋರುವುದು ಬೇರೆ, ಕಣ್ಣಿನ ಮೂಲೆ ಒತ್ತಿದರೆ ಕೀವು ಬರುವುದು ಬೇರೆ. ನಾಲ್ಕನೆಯದು ಆ ಜಾಗದ ಮೂಳೆಯ ಸ್ಥಿತಿ: ಸರಿದಿದೆಯೇ, ಅಲ್ಲಿ ಪ್ಲೇಟ್, ಸ್ಕ್ರೂ ಇವೆಯೇ, ಮೂಗಿನ ನಡುಗೋಡೆ ಸೊಟ್ಟಗಾಗಿದೆಯೇ. ಇಷ್ಟಾದ ಮೇಲೆ ನಿಮ್ಮ ವಯಸ್ಸು, ದುಡ್ಡು, ಊರಿನಿಂದ ಆಸ್ಪತ್ರೆಗೆ ಎಷ್ಟು ಸಲ ಓಡಾಡಬಲ್ಲಿರಿ, ಮುಖದ ಕಲೆ ನಿಮಗೆಷ್ಟು ಮುಖ್ಯ ಅನ್ನುವ ಪ್ರಶ್ನೆಗಳು.

ಜಾಗ ಪತ್ತೆ ಹಚ್ಚುವ ಪರೀಕ್ಷೆಗೆ ಸಿರಿಂಜಿಂಗ್ ಅಂತ ಹೆಸರು. ಹೆಸರು ಕೇಳಿಯೇ ಹೆದರುವವರು ಇದ್ದಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಹನಿ ಔಷಧಿ ಹಾಕಿ ಕಣ್ಣನ್ನು ಮರಗಟ್ಟಿಸುತ್ತಾರೆ. ಮೊಂಡು ತುದಿಯ ಸಣ್ಣ ಸೂಜಿಯನ್ನು ಕೆಳರೆಪ್ಪೆಯ ತೂತಿನಲ್ಲಿ ಇಟ್ಟು ಸಲೈನ್ ನಿಧಾನಕ್ಕೆ ಬಿಡುತ್ತಾರೆ. ದಾರಿ ತೆರೆದಿದ್ದರೆ ಗಂಟಲಲ್ಲಿ ಉಪ್ಪುಪ್ಪು ನೀರು ಇಳಿದದ್ದು ನಿಮಗೇ ಗೊತ್ತಾಗುತ್ತದೆ. ಕೆಳಗೆ ಬಿಟ್ಟ ನೀರು ಮೇಲಿನ ರೆಪ್ಪೆಯ ತೂತಿನಿಂದ ಉಕ್ಕಿ ಬಂದರೆ ಸಾಮಾನ್ಯವಾಗಿ ತಡೆ ಎರಡೂ ನಾಳಗಳು ಸೇರಿದ ಮೇಲೆ, ಅಂದರೆ ಚೀಲದ ಹತ್ತಿರ ಅಥವಾ ಅದರ ಕೆಳಗೆ. ನೀರಿನ ಜೊತೆ ಲೋಳೆ, ಕೀವು ಬಂದರೆ ಚೀಲದಲ್ಲಿ ಕೊಳೆ ನಿಂತಿದೆ. ಬಿಟ್ಟ ತೂತಿನಿಂದಲೇ ವಾಪಸ್ಸು ಬಂದರೆ, ಸೂಜಿಯೂ ಮುಂದೆ ಹೋಗದೆ ಮೆತ್ತಗೆ ನಿಂತರೆ, ತಡೆ ಆ ಸಣ್ಣ ನಾಳದಲ್ಲೇ. ಕೆಲವೇ ನಿಮಿಷದ ಕೆಲಸ. ಮೂಲೆ ಕೆಂಪಾಗಿ ಊದಿ ತುಂಬಾ ನೋವಿರುವಾಗ ಮಾತ್ರ ಇದನ್ನು ಮಾಡುವುದಿಲ್ಲ. ಮೊದಲು ಸೋಂಕು ಇಳಿಯಬೇಕು.

ಮೂಳೆ ಮುರಿದವರಿಗೆ ಇದರ ಜೊತೆ ಸಿಟಿ ಸ್ಕ್ಯಾನ್ ಬೇಕೇ ಬೇಕು. ಅಪಘಾತದ ದಿನ ತೆಗೆಸಿದ್ದಷ್ಟೇ ಸಾಲದು. ಪ್ಲೇಟ್ ಹಾಕಿದ ಮೇಲೆ ಮೂಳೆ ಈಗ ಹೇಗೆ ಕೂತಿದೆ ಅನ್ನುವುದು ಸರ್ಜನ್‌ಗೆ ಕಾಣಬೇಕು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಪೆಟ್ಟಾದ ಮೇಲೆ ಕಣ್ಣು ಸೋರಿದರೆ ಅದೆಲ್ಲ ನಾಳದ ತೊಂದರೆಯೇ ಆಗಿರಬೇಕಿಲ್ಲ. ಗಾಯದ ಕಲೆ ಎಳೆದು ಕೆಳರೆಪ್ಪೆ ಹೊರಕ್ಕೆ ಮಗುಚಿರಬಹುದು, ಆಗ ತೂತು ಕಣ್ಣೀರಿಗೆ ತಾಗುವುದೇ ಇಲ್ಲ. ಮುಖದ ನರಕ್ಕೆ ಏಟಾಗಿ ರೆಪ್ಪೆ ಸರಿಯಾಗಿ ಮುಚ್ಚದೇ ಇರಬಹುದು. ಪ್ರತಿ ಸಲ ರೆಪ್ಪೆ ಮಿಟುಕಿಸಿದಾಗಲೂ ಕಣ್ಣೀರು ಒಳಕ್ಕೆ ತಳ್ಳಿಸಿಕೊಳ್ಳುತ್ತದೆ. ಆ ಶಕ್ತಿಯೇ ಇಲ್ಲದಿದ್ದರೆ ದಾರಿ ತೆರೆದಿದ್ದೂ ಕಣ್ಣು ಸೋರುತ್ತದೆ. ಇಂಥವರಿಗೆ ಡಿಸಿಆರ್ ಮಾಡಿದರೆ ಸುಮ್ನೆ ಒಂದು ಆಪರೇಷನ್ ಆಗುತ್ತದೆಯೇ ಹೊರತು ಕಣ್ಣು ಒಣಗುವುದಿಲ್ಲ. ಅವರಿಗೆ ಬೇಕಿರುವುದು ರೆಪ್ಪೆಯ ಚಿಕಿತ್ಸೆ.

ತಡ ಮಾಡಬಾರದ ಸಂದರ್ಭಗಳು

ರೆಪ್ಪೆಯ ಮೂಲೆ ಕತ್ತರಿಸಿ ಸಣ್ಣ ನಾಳವೇ ತುಂಡಾಗಿದ್ದರೆ ಕಾಯುವ ಹಾಗಿಲ್ಲ. 24ರಿಂದ 48 ಗಂಟೆಯೊಳಗೆ ತುಂಡಾದ ಎರಡು ತುದಿಗಳನ್ನು ಹುಡುಕಿ, ಒಳಗೆ ತೆಳುವಾದ ಸಿಲಿಕೋನ್ ಟ್ಯೂಬ್ ಇಟ್ಟು ಸೇರಿಸುವುದು ಒಳ್ಳೆಯದು. ಇನ್ನೊಂದೆರಡು ದಿನ ಹೆಚ್ಚಾದರೂ ಪ್ರಯತ್ನ ಮಾಡುತ್ತಾರೆ. ವಾರಗಳು ಕಳೆದರೆ ತುದಿಗಳು ಕಲೆಯೊಳಗೆ ಹೂತುಹೋಗುತ್ತವೆ. ಟ್ಯೂಬ್ ಕೆಲವು ತಿಂಗಳು ಅಲ್ಲೇ ಇರುತ್ತದೆ.

ಗಾಯ ರೆಪ್ಪೆಯ ತೂತಿಗೂ ಮೂಗಿಗೂ ನಡುವೆ ಇದೆಯೇ ಅಂತ ನೋಡಿ. ಇದ್ದರೆ ನಾಳ ಕತ್ತರಿಸಿರಬಹುದು ಅಂತಲೇ ಅಂದುಕೊಳ್ಳಬೇಕು. ಎಮರ್ಜೆನ್ಸಿಯಲ್ಲಿ ತಲೆ, ಉಸಿರು, ರಕ್ತಸ್ರಾವದ ಕಡೆ ಗಮನ ಇರುತ್ತದೆ, ಇರಲೂ ಬೇಕು. ಆ ಗಡಿಬಿಡಿಯಲ್ಲಿ ರೆಪ್ಪೆಯ ಚರ್ಮಕ್ಕೆ ಹೊಲಿಗೆ ಹಾಕಿ ಮುಗಿಸಿದರೆ ಒಳಗಿನ ನಾಳ ಹಾಗೇ ತುಂಡಾಗಿ ಉಳಿಯುತ್ತದೆ. ಜೀವಕ್ಕೆ ಅಪಾಯ ಇಲ್ಲ ಅಂತ ಗೊತ್ತಾದ ಕೂಡಲೇ ಜೊತೆಗಿರುವವರು "ಕಣ್ಣಿನ ಡಾಕ್ಟರನ್ನ ಒಮ್ಮೆ ಕರೆಸಿ ಸಾರ್, ಮೂಲೆ ಕತ್ತರಿಸಿದೆ" ಅಂತ ಕೇಳಿಯೇ ಬಿಡಬೇಕು. ಈ ಒಂದು ಮಾತಿನಿಂದ ಮುಂದೆ ದೊಡ್ಡ ಆಪರೇಷನ್ ತಪ್ಪಬಹುದು.

ಇನ್ನೊಂದು ಎಚ್ಚರಿಕೆ. ಪೆಟ್ಟಾದ ಮೊದಲ ದಿನಗಳಲ್ಲಿ ಮೂಗಿನಿಂದ ತಿಳಿ ನೀರು ಹನಿಯುತ್ತಿದ್ದರೆ, ಮುಂದಕ್ಕೆ ಬಗ್ಗಿದಾಗ ಜಾಸ್ತಿಯಾದರೆ, ಅದನ್ನು ಕಣ್ಣೀರು ಅಥವಾ ನೆಗಡಿ ಅಂದುಕೊಂಡು ಬಿಡಬೇಡಿ. ಮಿದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಮೂಗು ಸೀಟದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಾದು ನೋಡುವುದು

ನಾಳ ತುಂಡಾಗಿಲ್ಲ, ಕೀವಿಲ್ಲ, ಬರೀ ನೀರು ಸೋರುತ್ತಿದೆ, ಅಪಘಾತವಾಗಿ ಕೆಲವೇ ವಾರ ಆಗಿದೆ ಅಂದರೆ ನನ್ನ ಮೊದಲ ಆಯ್ಕೆ ಕಾಯುವುದೇ. ಮೂಳೆ ಮುರಿದಾಗ ಸುತ್ತಲೂ ಊತ ಬಂದು ಕೊಳವೆಯನ್ನು ಅಮುಕುತ್ತದೆ. ಊತ ಇಳಿದಂತೆ ಎಷ್ಟೋ ಜನರಿಗೆ ದಾರಿ ತಾನೇ ಬಿಡುತ್ತದೆ. ಮೂಳೆಯನ್ನು ಬೇಗ ಸರಿಯಾದ ಜಾಗಕ್ಕೆ ಕೂರಿಸಿದ್ದರೆ ಈ ಸಾಧ್ಯತೆ ಇನ್ನೂ ಜಾಸ್ತಿ. ಆದ್ದರಿಂದ ಮೂಳೆ ಕೂರಿಸುವ ಆಪರೇಷನ್ ಅನ್ನು ಮುಂದೂಡುತ್ತಾ ಹೋಗಬೇಡಿ.

ಎಷ್ಟು ದಿನ ಕಾಯಬೇಕು? ಸಾಮಾನ್ಯವಾಗಿ 3ರಿಂದ 6 ತಿಂಗಳು. ಅದಕ್ಕೆ ಮುಂಚೆ ಡಿಸಿಆರ್ ಮಾಡಿದರೆ ಇನ್ನೂ ಗಟ್ಟಿಯಾಗದ ಮೂಳೆ, ಹಸಿ ಗಾಯದ ನಡುವೆ ಕೆಲಸ ಮಾಡಬೇಕಾಗುತ್ತದೆ. 6 ತಿಂಗಳು ಕಳೆದರೂ ಒಂದೇ ಸಮ ಸೋರುತ್ತಿದ್ದರೆ ಇನ್ನಷ್ಟು ಕಾಯುವುದರಲ್ಲಿ ಲಾಭ ಕಡಿಮೆ.

ಕಾಯುವುದಕ್ಕೆ ಖರ್ಚಿಲ್ಲ, ಆದರೆ ಷರತ್ತಿದೆ. ಮೂಲೆಯಲ್ಲಿ ಕೀವು ಶುರುವಾದರೆ ಕಾಯುವುದು ಅಲ್ಲಿಗೆ ಮುಗಿಯಿತು. ಆಂಟಿಬಯೋಟಿಕ್‌ನಿಂದ ಸೋಂಕು ತಗ್ಗುತ್ತದೆ, ದಾರಿ ತೆರೆಯುವುದಿಲ್ಲ. ಬಿಟ್ಟರೆ ಕೀವು ಮತ್ತೆ ಬರುತ್ತದೆ. ಮೂಲೆ ಕೆಂಪಗೆ ಊದಿ, ಜ್ವರ ಬಂದು, ಕಣ್ಣು ಮುಂದಕ್ಕೆ ಬಂದ ಹಾಗಾದರೆ ಅಥವಾ ಮಂಜಾದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಹೊರಗಿನಿಂದ ಡಿಸಿಆರ್, ಮೂಗಿನೊಳಗಿಂದ ಡಿಸಿಆರ್

ತಡೆ ಚೀಲದ ಕೆಳಗಿದ್ದರೆ, ಅಂದರೆ ಸಣ್ಣ ನಾಳಗಳು ಚೆನ್ನಾಗಿದ್ದು ಮೂಳೆಯೊಳಗಿನ ಕೊಳವೆ ಕಟ್ಟಿದ್ದರೆ, ಚಿಕಿತ್ಸೆ ಡಿಸಿಆರ್. ಕಟ್ಟಿದ ಕೊಳವೆಯನ್ನು ಅಲ್ಲೇ ಬಿಟ್ಟು, ಚೀಲಕ್ಕೂ ಮೂಗಿಗೂ ನಡುವಿನ ಮೂಳೆಯಲ್ಲಿ ಕಿಂಡಿ ತೆರೆದು ಹೊಸ ದಾರಿ ಮಾಡುವುದು. ಇಟಲಿಯ ಟೋಟಿ ಎಂಬ ವೈದ್ಯ ಹೊರಗಿನಿಂದ ಮಾಡುವ ವಿಧಾನವನ್ನು 1904ರಲ್ಲಿ ವಿವರಿಸಿದರು. ಮೂಗಿನೊಳಗಿಂದ ಮಾಡುವ ಯೋಚನೆ ಅದಕ್ಕೂ ಹಳೆಯದು, 1893ರ ಕಾಲ್ಡ್‌ವೆಲ್‌ರದ್ದು. ಆದರೆ ಒಳಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮೂಗಿನೊಳಗೆ ತೂರಿಸಿ ನೋಡುವ ದೀಪದ ಸಣ್ಣ ದುರ್ಬೀನು, ಅಂದರೆ ಎಂಡೋಸ್ಕೋಪ್, ಬಂದ ಮೇಲೆ, 1980ರ ದಶಕದ ಕೊನೆಯಿಂದ, ಅದು ಚಾಲ್ತಿಗೆ ಬಂತು.

ಪೆಟ್ಟಿಲ್ಲದೆ ಸುಮ್ಮನೆ ಕಟ್ಟಿಕೊಂಡ ನಾಳಗಳಲ್ಲಿ ಪಳಗಿದ ಕೈ ಮಾಡಿದರೆ ಎರಡರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ. 100ರಲ್ಲಿ ಸುಮಾರು 90 ಜನರಿಗೆ ಗುಣವಾಗುತ್ತದೆ. ಮೂಳೆ ಮುರಿದವರಲ್ಲಿ ಲೆಕ್ಕ ಅಷ್ಟು ಸಲೀಸಲ್ಲ. ಮೂಳೆ ಸರಿದಿರುತ್ತದೆ, ಚೀಲ ಕಲೆಯೊಳಗೆ ಸಿಕ್ಕಿಹಾಕಿಕೊಂಡು ಕುಗ್ಗಿರುತ್ತದೆ, ಗುರುತು ಹಿಡಿಯುವ ಜಾಗಗಳೇ ಬದಲಾಗಿರುತ್ತವೆ. ಈ ಕಾರಣಕ್ಕೆ "ಯಾವುದು ಒಳ್ಳೆಯದು" ಅನ್ನುವುದಕ್ಕಿಂತ "ನನ್ನ ಸ್ಕ್ಯಾನ್ ನೋಡಿದರೆ ಯಾವುದು ಸುಲಭ" ಅಂತ ಕೇಳುವುದು ಮೇಲು.

ಹೊರಗಿನಿಂದ ಮಾಡುವಾಗ ಮೂಗಿನ ಪಕ್ಕ ಚಿಕ್ಕ ಗೀರು ಹಾಕುತ್ತಾರೆ. ಸರ್ಜನ್‌ಗೆ ಚೀಲವೂ ಮೂಳೆಯೂ ಎದುರೇ ಕಾಣುತ್ತವೆ. ಅಡ್ಡಬಂದ ಪ್ಲೇಟನ್ನೋ ಸ್ಕ್ರೂವನ್ನೋ ತೆಗೆಯಬಹುದು. ಸರಿದ ಮೂಳೆ ದಪ್ಪಗೆ ಕೂಡಿಕೊಂಡಿದ್ದರೂ ಕೊರೆಯಬಹುದು. ಎರಡು ಕಣ್ಣುಗಳ ನಡುವಿನ ಅಂತರ ಅಗಲವಾಗಿ ಮೂಲೆ ಎಳೆದು ಕಟ್ಟಬೇಕಾದವರಿಗೂ ಈ ದಾರಿಯೇ ಅನುಕೂಲ. ಹೆಚ್ಚು ಊರುಗಳಲ್ಲಿ ಸಿಗುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಒಂದು ವಾರದ ಹೊತ್ತಿಗೆ ಹೊಲಿಗೆ ಬಿಚ್ಚುತ್ತಾರೆ. ಟ್ಯೂಬ್ ಇಟ್ಟಿದ್ದರೆ ಕೆಲವು ವಾರಗಳ ನಂತರ ತೆಗೆಯುತ್ತಾರೆ. ಕೊರತೆ ಎಂದರೆ ಕಲೆ, ಮತ್ತು ಸ್ವಲ್ಪ ದಿನ ಜಾಸ್ತಿ ಇರುವ ಊತ.

ಆದರೆ ಕಲೆಯ ಬಗ್ಗೆ ಒಂದು ಮಾತು. ಮುಖದ ಮೂಳೆ ಮುರಿದ ಎಷ್ಟೋ ಜನರಿಗೆ ಅದೇ ಜಾಗದಲ್ಲಿ ಗಾಯದ ಗುರುತು ಆಗಲೇ ಇರುತ್ತದೆ. ಆ ಹಳೆ ಗುರುತಿನ ಮೂಲಕವೇ ಒಳಗೆ ಹೋಗಲು ಸಾಧ್ಯವಿದ್ದರೆ "ಕಲೆ ಬೀಳಲ್ಲ" ಅನ್ನುವ ಎಂಡೋಸ್ಕೋಪಿಯ ದೊಡ್ಡ ಲಾಭವೇ ನಿಮಗೆ ಅನ್ವಯಿಸುವುದಿಲ್ಲ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಮೂಗಿನೊಳಗಿಂದ ಮಾಡುವುದರ ಬಲ ಬೇರೆ ಕಡೆ ಇದೆ. ಮುಖದ ಮೇಲೆ ಗೀರಿಲ್ಲ, ರೆಪ್ಪೆ ಮಿಟುಕಿಸುವ ಸ್ನಾಯುವನ್ನು ಮುಟ್ಟುವುದಿಲ್ಲ, ಊತ ಬೇಗ ಇಳಿಯುತ್ತದೆ. ಪೆಟ್ಟಿನಿಂದ ಮೂಗಿನ ನಡುಗೋಡೆ ಸೊಟ್ಟಗಾಗಿ ಉಸಿರಾಟಕ್ಕೂ ಕಷ್ಟವಿದ್ದರೆ ಅದನ್ನೂ ಅದೇ ಸಲ ಸರಿಮಾಡಬಹುದು. ಇಂಥವರಿಗೆ ನಾನು ಇದನ್ನೇ ಹೇಳುತ್ತೇನೆ. ಒಮ್ಮೆ ಹೊರಗಿನಿಂದ ಮಾಡಿ ಕಿಂಡಿ ಮತ್ತೆ ಮುಚ್ಚಿದವರಿಗೂ ಎರಡನೇ ಪ್ರಯತ್ನಕ್ಕೆ ಇದು ಒಳ್ಳೆಯ ದಾರಿ. ಕಲೆಯ ಅಂಗಾಂಶ ಎಲ್ಲಿ ಬೆಳೆದು ಅಡ್ಡ ನಿಂತಿದೆ ಅಂತ ನೇರ ಕಾಣುತ್ತದೆ.

ಇದರ ಕಷ್ಟಗಳೂ ಇವೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಉಪಕರಣ ದುಬಾರಿ, ಆದ್ದರಿಂದ ಬಿಲ್ಲೂ ಹೆಚ್ಚು. ಆಮೇಲೆ ಮೂಗಿನೊಳಗೆ ಕಟ್ಟುವ ಹಕ್ಕಳೆ ತೆಗೆಸಲು ಮತ್ತೆ ಮತ್ತೆ ಹೋಗಬೇಕು. ತಾಲ್ಲೂಕಿನಿಂದ ಬಸ್ಸು ಹತ್ತಿ ಬರುವವರಿಗೆ ಪ್ರತಿ ಭೇಟಿಗೂ ಒಂದು ದಿನದ ಕೂಲಿ ಹೋಗುತ್ತದೆ. ಅಷ್ಟು ಸಲ ಬರಲು ಆಗದಿದ್ದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಿ. ಸ್ವಚ್ಛ ಮಾಡಿಸದೆ ಬಿಟ್ಟರೆ ಕಿಂಡಿ ಮುಚ್ಚಿಕೊಳ್ಳುವ ಅಪಾಯ ಇದೆ. ಮೂಳೆ ತೀರಾ ಅಸ್ತವ್ಯಸ್ತವಾಗಿದ್ದರೆ ಎಂಡೋಸ್ಕೋಪಿಯಲ್ಲಿ ಚೀಲ ಹುಡುಕುವುದೇ ಕಷ್ಟ. ಪಕ್ಕದಲ್ಲೇ ಕಣ್ಣಿನ ಗೂಡು, ಮೇಲೆ ತಲೆಬುರುಡೆಯ ತಳ ಇರುವುದರಿಂದ ಅನುಭವ ಇರುವವರೇ ಬೇಕು.

ಲೇಸರ್ ಡಿಸಿಆರ್ ಬಗ್ಗೆಯೂ ಕೇಳುವವರಿದ್ದಾರೆ. ಬೇಗ ಮುಗಿಯುತ್ತದೆ, ನಿಜ. ಆದರೆ ಲೇಸರ್ ಮಾಡುವ ಕಿಂಡಿ ಚಿಕ್ಕದು. ಮುರಿದು ಕೂಡಿದ ದಪ್ಪ ಮೂಳೆಗೆ ನಾನು ಅದನ್ನು ಹೇಳುವುದಿಲ್ಲ. ಕೊಳವೆಯೊಳಗೆ ಬರೀ ಕಡ್ಡಿ ಆಡಿಸಿ ಬಿಡಿಸುವ ಪ್ರೋಬಿಂಗ್ ಹುಟ್ಟಿನಿಂದ ನಾಳ ಕಟ್ಟಿದ ಮಕ್ಕಳಿಗೆ ಒಳ್ಳೆಯದು. ದೊಡ್ಡವರಲ್ಲಿ ಮೂಳೆಯೇ ಸರಿದು ಕೊಳವೆಯನ್ನು ಅಮುಕಿದ್ದರೆ ಕಡ್ಡಿಯಿಂದ ಏನೂ ಆಗದು.

ಯಾವ ದಾರಿಯಾದರೂ, ಆಪರೇಷನ್ ಮುಂಚೆ ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಲೇಬೇಕು. ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ ನಿಲ್ಲಿಸಿ. ಆದ ಮೇಲೆ ಒಂದೆರಡು ವಾರ ಮೂಗು ಸೀಟುವಂತಿಲ್ಲ. ಮೂಲೆಯಲ್ಲಿ ದಾರದಂತೆ ಕಾಣುವ ಟ್ಯೂಬನ್ನು ಉಜ್ಜಬಾರದು, ಎಳೆಯಬಾರದು. ಮೂಗು ಅಥವಾ ಕಣ್ಣಿನ ಮೂಲೆ ಸರಿಪಡಿಸುವ ಇನ್ನೊಂದು ಆಪರೇಷನ್ ಬಾಕಿ ಇದ್ದರೆ ಸಾಮಾನ್ಯವಾಗಿ ಮೂಳೆಯ ಕೆಲಸ ಮೊದಲು, ಡಿಸಿಆರ್ ಆಮೇಲೆ. ಉಲ್ಟಾ ಮಾಡಿದರೆ ತೆರೆದ ಕಿಂಡಿ ಹಾಳಾಗಬಹುದು.

ಸಣ್ಣ ನಾಳಗಳೇ ಹೋಗಿದ್ದರೆ

ಎರಡೂ ರೆಪ್ಪೆಯ ನಾಳಗಳು ಕಲೆಯಾಗಿ ಮುಚ್ಚಿಹೋಗಿದ್ದರೆ ಡಿಸಿಆರ್ ಒಂದರಿಂದಲೇ ಆಗುವುದಿಲ್ಲ. ಕಣ್ಣೀರು ಚೀಲದವರೆಗೆ ತಲುಪಿದರೆ ತಾನೇ? ಆಗ ಕಣ್ಣಿನ ಮೂಲೆಯಿಂದ ನೇರ ಮೂಗಿಗೆ ಚಿಕ್ಕ ಗಾಜಿನ ನಳಿಕೆ ಇಡುತ್ತಾರೆ. ಅದನ್ನು ಬಳಕೆಗೆ ತಂದ ಅಮೆರಿಕದ ಲೆಸ್ಟರ್ ಜೋನ್ಸ್ ಹೆಸರಿನಿಂದಲೇ ಜೋನ್ಸ್ ಟ್ಯೂಬ್ ಅನ್ನುತ್ತಾರೆ. ಸರಿಯಾಗಿ ಕೂತರೆ ನೀರು ಸೋರುವುದು ಚೆನ್ನಾಗಿ ಕಡಿಮೆಯಾಗುತ್ತದೆ. ಆದರೆ ಇದರ ಜೊತೆ ಬದುಕಲು ಕಲಿಯಬೇಕು. ಸೀನುವಾಗ ಕಣ್ಣು ಮುಚ್ಚಿ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ನಳಿಕೆ ಹೊರಬರಬಹುದು. ಆಗಾಗ ತೊಳೆಯಬೇಕು, ಜರುಗಿದರೆ ಬದಲಿಸಬೇಕು. ದೂಳಿನಲ್ಲಿ ಕೆಲಸ ಮಾಡುವವರು, ಆಸ್ಪತ್ರೆಯಿಂದ ದೂರ ಇರುವವರು ಚೆನ್ನಾಗಿ ಯೋಚಿಸಿ ಒಪ್ಪಿಕೊಳ್ಳಬೇಕು. ನೀರು ಸೋರುವುದು ಸಹಿಸುವಷ್ಟೇ ಇದ್ದರೆ ಇದನ್ನು ಮಾಡಿಸದೆ ಇರುವುದೂ ಸರಿಯಾದ ತೀರ್ಮಾನವೇ. ಒಂದು ನಾಳ ಮಾತ್ರ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅನೇಕರಿಗೆ ಏನೂ ಬೇಕಾಗುವುದಿಲ್ಲ.

ವಯಸ್ಸಾದವರಿಗೆ

ದೊಡ್ಡ ಆಪರೇಷನ್ ತಡೆದುಕೊಳ್ಳಲಾರದ ವಯಸ್ಸಾದವರಿಗೆ ಡಿಸಿಟಿ ಅಂತ ಇನ್ನೊಂದಿದೆ. ಕೀವು ತುಂಬಿದ ಚೀಲವನ್ನೇ ತೆಗೆದುಬಿಡುವುದು. ಬೇಗ ಮುಗಿಯುತ್ತದೆ, ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು, ಕೀವು ನಿಲ್ಲುತ್ತದೆ. ನೀರು ಸೋರುವುದು ಮಾತ್ರ ನಿಲ್ಲುವುದಿಲ್ಲ. ವಯಸ್ಸಾದಂತೆ ಕಣ್ಣೀರು ಬರುವುದೇ ಕಡಿಮೆಯಾಗುವುದರಿಂದ ಕೆಲವರಿಗೆ ಅದು ತೊಂದರೆ ಅನ್ನಿಸುವುದಿಲ್ಲ. ಕಣ್ಣಿನ ಪೊರೆ ಆಪರೇಷನ್ ಬಾಕಿ ಇರುವವರು ಇದನ್ನು ಗಮನಿಸಬೇಕು. ಚೀಲದಲ್ಲಿ ಕೀವು ಇಟ್ಟುಕೊಂಡು ಪೊರೆ ತೆಗೆಸಿದರೆ ಸೋಂಕು ಕಣ್ಣಿನೊಳಗೆ ಹೋಗಿ ದೃಷ್ಟಿಯೇ ಹೋಗಬಹುದು. ಡಿಸಿಆರ್ ಆಗಲಿ ಡಿಸಿಟಿ ಆಗಲಿ, ಚೀಲದ ಚಿಕಿತ್ಸೆ ಮೊದಲು, ಪೊರೆ ಆಮೇಲೆ. ಅಜ್ಜನಿಗೆ 75 ಆಗಿದ್ದರೂ ಆರೋಗ್ಯ ಗಟ್ಟಿಯಾಗಿದ್ದರೆ ಡಿಸಿಆರ್ ಮಾಡಿಸಲು ಅಡ್ಡಿಯಿಲ್ಲ.

ದುಡ್ಡು ಮತ್ತು ಕಾಗದ

ರಸ್ತೆ ಅಪಘಾತಕ್ಕೆ 2025ರಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಆದರೆ ಅಪಘಾತದ ದಿನದಿಂದ 7 ದಿನ ಮಾತ್ರ. ತುಂಡಾದ ನಾಳ ಸೇರಿಸುವುದು ಈ ಅವಧಿಯಲ್ಲಿ ಆಗಬಹುದು. ತಿಂಗಳುಗಳ ನಂತರದ ಡಿಸಿಆರ್ ಇದರಲ್ಲಿ ಬರುವುದಿಲ್ಲ. ಅದಕ್ಕೆ ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವಿಚಾರಿಸಬೇಕು. ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳಬಹುದು, ಮೊದಲೇ ತಿಳಿದುಕೊಳ್ಳಿ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಮತ್ತು ಸರ್ಕಾರಿ ಮೆಡಿಕಲ್ ಕಾಲೇಜುಗಳ ಕಣ್ಣಿನ ವಿಭಾಗಕ್ಕೆ ಹೋದರೆ ಖರ್ಚು ತುಂಬಾ ಕಡಿಮೆ. ಸರದಿ ಕಾಯಬೇಕಾಗಬಹುದು. ಹೇಗೂ ಕೆಲವು ತಿಂಗಳು ಕಾಯುವ ಕಾಯಿಲೆ ಇದು, ಕೀವಿಲ್ಲದಿದ್ದರೆ ಆ ಸರದಿಯಿಂದ ನಷ್ಟವಿಲ್ಲ.

ಅಪಘಾತ ಪರಿಹಾರಕ್ಕೆ ಅರ್ಜಿ ಹಾಕುವವರು ಇನ್ನೊಂದು ಕೆಲಸ ಮಾಡಬೇಕು. ಕಣ್ಣು ಸೋರುವ ವಿಷಯವನ್ನು ಮೊದಲ ಸಲ ತೋರಿಸಿದ ದಿನವೇ ಚೀಟಿಯಲ್ಲಿ ಬರೆಸಿ, ಯಾವ ಕಣ್ಣು ಅನ್ನುವುದೂ ಇರಲಿ. ಸಿರಿಂಜಿಂಗ್ ವರದಿ, ಸಿಟಿ ಸ್ಕ್ಯಾನಿನ ಸಿಡಿ, ಪ್ಲೇಟ್ ಹಾಕಿದ ಆಪರೇಷನ್ನಿನ ಟಿಪ್ಪಣಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಡಿಸಿಆರ್ ಮಾಡುವ ಸರ್ಜನ್ ಮೊದಲು ಕೇಳುವುದೂ ಇದೇ ಫೈಲನ್ನು, ಅದರಲ್ಲೂ ಯಾವ ಜಾಗದಲ್ಲಿ ಎಷ್ಟು ಪ್ಲೇಟ್, ಎಷ್ಟು ಸ್ಕ್ರೂ ಇವೆ ಅನ್ನುವ ಪುಟವನ್ನು.